ಬದು ದಾಟಿದ ನೀರು

ಶ್ರಾವಣದಲ್ಲಿ ತವರಿಗೆ ಹೋದಾಗ ಕೆರೆ ಏರಿಯ ಮೇಲೆ ನಿಂತು ನೋಡಿದೆ. ನೀರೇ ಕಾಣಲಿಲ್ಲ. ಈ ದಡದಿಂದ ಆ ದಡದವರೆಗೂ ಅಂತರಗಂಗೆ ಹಬ್ಬಿ ಹೂ ಬಿಟ್ಟು, ದೂರದವರಿಗೆ ತೋಟದಂತೆ ತೋರುತ್ತಿತ್ತು. ಅವ್ವನ ಜೊತೆ ನಾನು ಬಟ್ಟೆ ಒಗೆಯುತ್ತಿದ್ದ ಕೆರೆ ಅದು.

ನಮ್ಮೂರು ಮಂಡ್ಯ ಸೀಮೆಯ ನಾಲಾ ಬಯಲಿನದು. ಮೇಲೆ ಗದ್ದೆ, ಕೆಳಗೆ ಕೆರೆ. ಹಿಂದೆ ಬೇಸಿಗೆಯಲ್ಲಿ ಕೆರೆಗೋಡನ್ನು ಗಾಡಿಯಲ್ಲಿ ಹೇರಿ ಗದ್ದೆಗೆ ಹೊಡೆಯುತ್ತಿದ್ದರು. ಇಳಿದು ಹೋದ ಸಾರ ತಿರುಗಿ ಮೇಲೆ ಬರುತ್ತಿತ್ತು. ಈಗ ಇಳಿಯುವುದಷ್ಟೇ. 45 ಕಿಲೋ ಯೂರಿಯಾ ಚೀಲದಲ್ಲಿ ಶೇಕಡಾ 46, ಎಂದರೆ ಸುಮಾರು 20 ಕಿಲೋ ಸಾರಜನಕ. ಭತ್ತದ ಬೇರು ಹೀರುವುದು ಸಾಮಾನ್ಯವಾಗಿ ಅದರ ಅರ್ಧಕ್ಕೂ ಕಡಿಮೆ. ಉಳಿದದ್ದು ಒಂದಷ್ಟು ಗಾಳಿಗೆ, ಒಂದಷ್ಟು ಬಸಿಗಾಲುವೆಗೆ. ಎರಚಿದ ಸಂಜೆಯೇ ಮಳೆ ಬಂದು ಗದ್ದೆ ತುಂಬಿ ಹರಿದರಂತೂ ಕೇಳುವುದೇ ಬೇಡ. ಅದನ್ನುಂಡೇ ಕೆರೆಯ ಕಳೆ ಕೊಬ್ಬುತ್ತದೆ; ಕೊಳೆಯುವಾಗ ನೀರಿನ ಪ್ರಾಣವಾಯುವನ್ನೂ ತಿಂದು ಮೀನನ್ನು ಸಾಯಿಸುತ್ತದೆ. (ಪಟ್ಟಣದ ನಮ್ಮ ಚರಂಡಿಗಳೂ ಇದೇ ಕೆಲಸ ಮಾಡುತ್ತವೆ, ಬೀಗುವುದು ಬೇಡ.)

ಕಬ್ಬು, ತರಕಾರಿಯ ಹೊಲಗಳಲ್ಲಿ ಅದು ನೈಟ್ರೇಟ್ ಆಗಿ ಬಾವಿಗೂ ಇಳಿಯುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 45 ಮಿಲಿಗ್ರಾಂ ದಾಟಬಾರದೆಂದು ನಮ್ಮ ದೇಶದ ಮಾನಕ. ತೀರ ಹೆಚ್ಚಾದ ನೀರಿನಲ್ಲಿ ಹಾಲಿನ ಪುಡಿ ಕಲಸಿ ಕುಡಿಸಿದರೆ ಎಳೆಗೂಸಿನ ಮೈ ನೀಲಿಗಟ್ಟುವುದುಂಟು. ಕುದಿಸಿದರಾಯಿತಲ್ಲ ಎನ್ನುವ ಹಾಗಿಲ್ಲ. ಕುದಿಸಿದರೆ ನೀರು ಆರುತ್ತದೆ, ನೈಟ್ರೇಟ್ ಉಳಿಯುತ್ತದೆ.

ತಮ್ಮನಿಗೆ ಇದನ್ನೆಲ್ಲ ಹೇಳಿದೆ. ಅವನು ಸಿಟ್ಟಾಗಲಿಲ್ಲ. "ಅಕ್ಕ, ಬದು ದಾಟಿದ ನೀರು ನಂದಲ್ಲ. ಮೇಲಿನೋರದ್ದು ನನ್ನ ಗದ್ದೆಗೆ ಬತ್ತದೆ, ನಂದು ಕೆಳಗಿನೋರಿಗೆ ಹೋಯ್ತದೆ. ಯಾರದ್ದು ಎಷ್ಟು ಅಂತ ಹೇಳೋರ್ಯಾರು?" ಎಂದ. ಅವನ ಹೆಂಡತಿ ಒಳಗಿನಿಂದಲೇ, "ಒಂದು ಚೀಲ ಕಮ್ಮಿ ಹಾಕಿ ಇಳುವರಿ ಬಿದ್ರೆ ಮಗಳ ಫೀಸು ಯಾರು ಕಟ್ತಾರೆ ಅತ್ತಿಗೆ?" ಎಂದಳು.

ನನ್ನ ಬಿ.ಎಡ್. ಫೀಸನ್ನು ಕಟ್ಟಿದ್ದೂ ಅದೇ ಗದ್ದೆ, ಅದೇ ಯೂರಿಯಾ.

ತಿಳಿಯದೆ ಮಾಡಿದ್ದು ತಪ್ಪು, ತಿಳಿದು ಮಾಡಿದ್ದು ಪಾಪ ಎಂದು ತರಗತಿಯಲ್ಲಿ ಎಷ್ಟು ಸಲ ಹೇಳಿದ್ದೇನೋ. ಈಗ ತಮ್ಮನಿಗೆ ತಿಳಿದಿದೆ, ತಿಳಿಸಿದವಳು ನಾನು. ಅವನ ತಪ್ಪನ್ನು ಪಾಪ ಮಾಡಿ ಬಸ್ಸು ಹತ್ತಿ ಬಂದುಬಿಟ್ಟರೆ ನಾನು ಮಾಡಿದ ಉಪಕಾರವಾದರೂ ಏನು? ವರ್ಷಕ್ಕೆರಡು ಮೂಟೆ ಅಕ್ಕಿ ಅವನ ಮನೆಯಿಂದಲೇ ತರಿಸಿ ಉಣ್ಣುವವಳಿಗೂ ಈಗ ತಿಳಿದೇ ಇದೆಯಲ್ಲ!

ಮರುದಿನ ಬೆಳಿಗ್ಗೆ ಅವನಿಗೆ ಹೇಳಿದೆ: ಅರ್ಧ ಎಕರೆಯಲ್ಲಿ ಮಾತ್ರ ಗೊಬ್ಬರವನ್ನು ಸ್ವಲ್ಪ ಕಡಿಮೆ ಮಾಡಿ ಮೂರು ಕಂತಿನಲ್ಲಿ ಹಾಕು, ಹಾಕಿದ ಮೇಲೆ ನಾಲ್ಕು ದಿನ ಬದುವಿನ ಕಂಡಿ ಮುಚ್ಚು, ಬೆಳೆ ಕಡಿಮೆಯಾದರೆ ದುಡ್ಡು ನನ್ನದು. "ಟೀಚರಮ್ಮನ ಪರೀಕ್ಷೆ" ಎಂದು ನಕ್ಕ. ಆದರೂ ಒಪ್ಪಿದ.

ಸಂಕ್ರಾಂತಿಗೆ ಅಕ್ಕಿಯ ಜೊತೆ ಲೆಕ್ಕವನ್ನೂ ಕಳಿಸಿದ: ಅರ್ಧ ಮೂಟೆ ಭತ್ತ ಕಡಿಮೆ. ಚೌಕಾಸಿ ಮಾಡದೆ ದುಡ್ಡು ಕಳಿಸಿದೆ. ಕೆರೆ ಹಾಗೆಯೇ ಇದೆಯಂತೆ, ಹೂ ಬಿಟ್ಟುಕೊಂಡು.