ಹರಿಯದ ಬಟ್ಟೆಗೆ ಹೊಲಿಗೆ

ಜಪಾನಿನ ‘ಸಾಶಿಕೊ’ ಹೊಲಿಗೆಯನ್ನು ಕಲಿಯತೊಡಗಿ ನನಗೆ ಒಂದು ಮಳೆಗಾಲ ಕಳೆಯಿತು. ಆ ಹೆಸರಿಗೆ ‘ಸಣ್ಣ ಚುಚ್ಚು’ ಎಂದಷ್ಟೇ ಅರ್ಥ. ಕಡುನೀಲಿಯ ಬಟ್ಟೆ, ಬಿಳಿಯ ಹತ್ತಿನೂಲು, ಉದ್ದನೆಯ ಸೂಜಿ, ಇಷ್ಟೇ ಸಾಮಗ್ರಿ. ಹೊಲಿಗೆಯೂ ಹೊಸದಲ್ಲ, ಮೇಲೆ ಕೆಳಗೆ ಹಾಯುತ್ತ ಮುಂದೋಡುವ, ನಮ್ಮ ಅಜ್ಜಿಯಂದಿರೆಲ್ಲ ಬಲ್ಲ ಸಾದಾ ಹೊಲಿಗೆ. ಮೇಲೆ ಕಾಣುವ ನೂಲು ಮೂರು ಪಾಲಾದರೆ ಕೆಳಗೆ ಅಡಗುವುದು ಎರಡು ಪಾಲು. ಆಗ ಒಂದೊಂದು ಹೊಲಿಗೆಯೂ ಅಕ್ಕಿಯ ಕಾಳಿನಂತೆ ಕಾಣುತ್ತದೆ. ತಿರುವು ಬಂದಲ್ಲಿ ನೂಲನ್ನು ಕೊಂಚ ಸಡಿಲ ಬಿಡಬೇಕು. ಬಿಗಿದೆಳೆದರೆ ಬಟ್ಟೆ ಮುದುರಿಕೊಳ್ಳುತ್ತದೆ.

ಬಿಕರ್ನಕಟ್ಟೆಯ ನಮ್ಮ ನೆರೆಮನೆಯ ಬಾಯಮ್ಮ ಇದನ್ನು ಒಂದು ದಿನ ನೋಡಿ ಕೇಳಿದರು: “ಅಲ್ಲ ಟೀಚರೇ, ಬಟ್ಟೆ ಎಲ್ಲಿಯೂ ಹರಿಯಲಿಲ್ಲವಲ್ಲ, ಮತ್ತೆ ಹೊಲಿಯುವುದು ಯಾಕೆ ಮಾರಾಯ್ರೆ? ತೇಪೆ ಹಾಕಿದ ಲಂಗದಲ್ಲಿ ಶಾಲೆಗೆ ಹೋದವಳು ನಾನು. ತೇಪೆ ಕಾಣದ ಹಾಗೆ ಪುಸ್ತಕ ಅಡ್ಡ ಹಿಡಿಯುತ್ತಿದ್ದೆ. ಈಗ ಅದು ಕಾಣಲಿ ಅಂತಲೇ ಹೊಲಿಯುವುದಾ?”

ನಕ್ಕು ಮರೆಯುವ ಮಾತಲ್ಲ ಇದು. ಕೊರತೆಯಿಂದ ಹುಟ್ಟಿದ ಚೆಲುವನ್ನು ಕೊರತೆಯಿಲ್ಲದವರು ಅಲಂಕಾರವಾಗಿ ತೊಡುವುದು ನ್ಯಾಯವೆ? ಬಾಯಮ್ಮನ ಪ್ರಶ್ನೆಯ ತಿರುಳು ಇದು.

ಸಾಶಿಕೊ ಕೊರತೆಯ ಕೂಸು ಎಂಬುದರಲ್ಲಿ ಸಂಶಯವಿಲ್ಲ. ಜಪಾನಿನ ಈಶಾನ್ಯ ಭಾಗದ ಚಳಿಗೆ ಹತ್ತಿ ಬೆಳೆಯುವುದಿಲ್ಲ. ಅಲ್ಲಿನ ರೈತರು ಉಡುತ್ತಿದ್ದುದು ಹೆಂಪ್ ಎಂಬ ನಾರುಗಿಡದ ಒರಟು ಬಟ್ಟೆ. ಇಂದಿನ ಆಮೊರಿ ಪ್ರಾಂತದಲ್ಲಿರುವ ತ್ಸುಗಾರು ಸೀಮೆಯ ಪ್ರಭುಗಳು 1724ರಲ್ಲಿ ರೈತರು ಹತ್ತಿಯ ಬಟ್ಟೆ ಉಡಕೂಡದೆಂದು ಕಟ್ಟಳೆಯನ್ನೇ ಮಾಡಿದರು. ನಾರುಬಟ್ಟೆಯ ಎಳೆಗಳ ನಡುವಿನ ಸಂದುಗಳಲ್ಲಿ ಹಿಮಗಾಳಿ ನುಗ್ಗುತ್ತಿತ್ತು. ಹೆಂಗಸರು ಆ ಸಂದುಗಳನ್ನು ನೂಲಿನಿಂದ ತುಂಬಿದರು. ಸವೆದ ಬಟ್ಟೆಯನ್ನು ಪದರಪದರವಾಗಿ ಕೂಡಿಸಿ ಹೊಲಿದರು. ಪಟ್ಟಣದಲ್ಲಿ ಬೆಂಕಿ ನಂದಿಸುವವರು ತೊಟ್ಟುದು ಕೂಡ ಹೀಗೆ ದಪ್ಪಗೆ ಹೊಲಿದ ಅಂಗಿಯನ್ನೇ. ಅದನ್ನು ನೀರಿನಲ್ಲಿ ತೊಯ್ಯಿಸಿಕೊಂಡು ಜ್ವಾಲೆಯೊಳಗೆ ಹೋಗುತ್ತಿದ್ದರು. 1891ರಲ್ಲಿ ಆಮೊರಿಗೆ ರೈಲು ಬಂದು, ಹತ್ತಿ ಸುಲಭವಾಗಿ ಸಿಗತೊಡಗಿದ ಮೇಲೆ ತ್ಸುಗಾರುವಿನ ಈ ಹೊಲಿಗೆ ಹಿಂದೆ ಬಿತ್ತು. ಅದನ್ನು ಮತ್ತೆ ಕಣ್ತೆರೆದು ನೋಡಿದವರಲ್ಲಿ ಯಾನಗಿ ಸೊಎತ್ಸು ಒಬ್ಬರು. ಹೆಸರಿಲ್ಲದ ಕೈಗಳು ಮಾಡಿದ ದಿನಬಳಕೆಯ ವಸ್ತುಗಳಿಗಾಗಿ ಅವರು 1936ರಲ್ಲಿ ಟೋಕಿಯೋದಲ್ಲಿ ಒಂದು ವಸ್ತುಸಂಗ್ರಹಾಲಯವನ್ನೇ ತೆರೆದರು.

ಇದಕ್ಕೆ ಒಡಹುಟ್ಟಿನಂಥದು ನಮ್ಮಲ್ಲೇ ಇದೆ. ಉತ್ತರ ಕರ್ನಾಟಕದ ಕೌದಿಯನ್ನು ಅರಿಯದವರುಂಟೆ? ಹಳೆಯ ಸೀರೆ, ಧೋತರ, ಕುಬುಸಗಳ ತುಂಡುಗಳನ್ನು ಕೂಡಿಸಿ, ಅದೇ ಸಾದಾ ಹೊಲಿಗೆಯಿಂದ ಸಾಲುಸಾಲಾಗಿ ತುಂಬಿದ ಹೊದಿಕೆ ಅದು. ಯಲ್ಲಾಪುರ, ಹಳಿಯಾಳ, ಮುಂಡಗೋಡಗಳ ಸಿದ್ದಿ ಹೆಂಗಸರು ಕೌದಿಯನ್ನು ಅಂಚಿನಿಂದ ಆರಂಭಿಸಿ ಸುತ್ತುತ್ತ ನಡುವಿಗೆ ತಂದು ಮುಗಿಸುತ್ತಾರೆ. ನಾಲ್ಕು ಮೂಲೆಗೂ ಮಡಿಸಿದ ಪುಟ್ಟ ಬಟ್ಟೆಯ ತುಂಡುಗಳನ್ನು ಇಟ್ಟು ಹೊಲಿಯುತ್ತಾರೆ. ಅದಕ್ಕೆ ‘ಫೂಲ’ ಎಂದು ಹೆಸರು, ಅಂದರೆ ಹೂವು. ಹೂವಿಲ್ಲದ ಕೌದಿ ಬತ್ತಲೆ ಎಂಬುದು ಅವರ ಭಾವನೆ.

ಈ ಹೂವಿನ ಮುಂದೆ ನಾನು ತುಸು ಹೊತ್ತು ನಿಲ್ಲಬೇಕೆನ್ನುತ್ತೇನೆ. ಚಳಿ ಬೇಡಿದ್ದು ದಪ್ಪ ಹೊದಿಕೆಯನ್ನು, ಹೂವನ್ನಲ್ಲ. ತ್ಸುಗಾರುವಿನ ಹಿಮಗಾಳಿಗೂ ಅಷ್ಟೆ, ಸಂದು ಮುಚ್ಚಿದರೆ ಸಾಕಿತ್ತು. ಚೌಕುಳಿಯ ಚಿತ್ತಾರ ಬೇಕಿರಲಿಲ್ಲ. ಜಪಾನಿನ ತಾಯಂದಿರು ಕೂಸಿನ ಅಂಗಿಯ ಮೇಲೆ ಹೆಂಪ್ ಎಲೆಯ ಆಕಾರವನ್ನು ಮೂಡಿಸುತ್ತಿದ್ದರು. ಆ ಗಿಡದಂತೆ ಮಗು ಬೇಗ ಬೇಗ ನೆಟ್ಟಗೆ ಬೆಳೆಯಲಿ ಎಂಬ ಹಾರೈಕೆ ಅದು. ಆದುದರಿಂದ ಈ ಚೆಲುವು ಬಡತನ ಕೊಟ್ಟ ವರವೆಂದು ಹೇಳುವುದು ತಪ್ಪು. ಬಡತನ ಕೊಟ್ಟದ್ದು ಹರಕು ಬಟ್ಟೆಯನ್ನು ಮಾತ್ರ. ಹೂವು ಆ ಹೆಂಗಸರ ಸ್ವಂತದ್ದು. ಯಾವ ಕಟ್ಟಳೆಯೂ ಕಸಿಯಲಾಗದ ಅವರ ಸ್ವಾತಂತ್ರ್ಯ. ಅದನ್ನು ಕಂಡು ಮೆಚ್ಚಿ ಕಲಿಯುವವರು ಯಾರ ಕಷ್ಟವನ್ನೂ ಕದ್ದಂತಾಗಲಿಲ್ಲ.

ಆದರೂ ಬಾಯಮ್ಮನಿಗೆ ಪೂರ್ತಿ ಉತ್ತರ ಸಿಕ್ಕಲಿಲ್ಲ. ಹೊಸದನ್ನು ಕೊಳ್ಳಬಲ್ಲವರ ಮೈಮೇಲಿನ ತೇಪೆ ಶೋಕಿ. ಕೊಳ್ಳಲಾರದವರ ಮೈಮೇಲಿನ ತೇಪೆ ಲಜ್ಜೆ. ನೂಲು ಒಂದೇ, ಸೂಜಿ ಒಂದೇ. ನಡುವೆ ಇರುವುದು ಜನರ ಕಣ್ಣು. ತರಗತಿಯ ಮಕ್ಕಳು ನಗದೆ ಇದ್ದಿದ್ದರೆ ಆ ಹುಡುಗಿ ಪುಸ್ತಕವನ್ನು ಅಡ್ಡ ಹಿಡಿಯುವ ಪ್ರಮೇಯವೇ ಬರುತ್ತಿರಲಿಲ್ಲ. ಇಂದು ‘ಸಾಶಿಕೊ’ ಎಂದು ಬೆರಗಾಗುವ ನಾವೇ, ಮನೆಗೆಲಸಕ್ಕೆ ಬರುವವರ ಸೆರಗಿನ ಹೊಲಿಗೆಯನ್ನು ಯಾವ ಕಣ್ಣಿನಿಂದ ನೋಡುತ್ತೇವೆ? ವಾರಗಟ್ಟಲೆ ಕೂತು ಹೊಲಿದ ಕೌದಿಯನ್ನು ಮಾರಲು ಬಂದವಳೊಡನೆ, ‘ಹಳೆಯ ಚಿಂದಿಗೆ ಇಷ್ಟೊಂದೆ?’ ಎಂದು ಚೌಕಾಸಿಗೆ ಇಳಿಯುತ್ತೇವೆ. ಅದೇ ಹೊಲಿಗೆ ಕಡಲು ದಾಟಿ ಪರದೇಶದ ಹೆಸರು ಹೊತ್ತು ಬಂದರೆ ಕೇಳಿದಷ್ಟು ತೆರುತ್ತೇವೆ. ಅನ್ಯಾಯವಿದ್ದರೆ ಅದು ಇಲ್ಲಿದೆ, ಸೂಜಿಯಲ್ಲಲ್ಲ.

ಹಾಗಾದರೆ ಈ ಹೊಲಿಗೆಯನ್ನು ಕಲಿಯುವವರ ಮೇಲೆ ಒಂದು ಋಣ ಬೀಳುತ್ತದೆ. ಚಿತ್ತಾರವನ್ನು ಕಲಿತು, ಅದನ್ನು ಹಡೆದ ಗೌರವವನ್ನು ಬಿಟ್ಟರೆ ಕಲಿತದ್ದು ಅರ್ಧವೇ. ಆ ಹೆಂಗಸರಿಗೆ ಬಟ್ಟೆಯೆಂದರೆ ಮುಗಿಯುವ ವಸ್ತುವಲ್ಲ. ಸೀರೆಯಾಗಿದ್ದುದು ಕೂಸಿನ ಲಂಗವಾಗಿ, ಲಂಗವಾಗಿದ್ದುದು ಕೌದಿಯ ತುಂಡಾಗಿ ಮೂರು ತಲೆಮಾರು ಬದುಕುತ್ತಿತ್ತು. ಹಬ್ಬಕ್ಕೊಂದು ಅಂಗಿ ಕೊಂಡು ಹಬ್ಬ ಮುಗಿಯುತ್ತಲೆ ಮೂಲೆಗೆಸೆಯುವವರು ಮೇಜುವಸ್ತ್ರದ ಮೇಲೆ ತೇಪೆಯ ಚಿತ್ರ ಬಿಡಿಸಿದರೆ ಅದು ಬರಿಯ ವೇಷ. ಕಲಿತ ಕೈ ಮೊದಲು ಮನೆಯ ಹರಿದ ಅಂಗಿಯ ಮೊಣಕೈಗೆ ಹೋಗಲಿ. ಅದನ್ನು ತೊಟ್ಟು ನಾಲ್ಕು ಜನರ ನಡುವೆ ಓಡಾಡಲಿ. ಕೊಳ್ಳಬಲ್ಲವರು ನಾಚದೆ ತೇಪೆ ತೊಡುವುದು ರೂಢಿಯಾದ ಊರಿನಲ್ಲಿ, ಕೊಳ್ಳಲಾರದ ಮಗುವೊಂದು ಪುಸ್ತಕವನ್ನು ಅಡ್ಡ ಹಿಡಿಯದೆ ಶಾಲೆಗೆ ಹೋದೀತು. ಹರಿಯದ ಬಟ್ಟೆಗೆ ಹೊಲಿಗೆ ಏಕೆಂದರೆ, ನನಗೆ ತೋಚುವ ಸಮರ್ಥನೆ ಇದೊಂದೇ: ಬಟ್ಟೆ ಹರಿಯದಿದ್ದರೂ ನಮ್ಮ ನೋಟ ಹರಿದಿದೆ, ಅದನ್ನು ಹೊಲಿಯಬೇಕಾಗಿದೆ.