ಸಮಾಧಾನದಲ್ಲಿ ಪಾಲು ಯಾರದು?

ಅಕ್ಕಲಕೋಟೆ ಕಡೆಯ ಅಡತಿ ವ್ಯಾಪಾರಸ್ಥರೊಬ್ಬರು ಇತ್ತೀಚೆಗೆ ನನ್ನನ್ನು ಕೇಳಿದರು: "ಡಾಕ್ಟರು ರಕ್ತದೊತ್ತಡಕ್ಕ ಗುಳಿಗಿ ಕೊಟ್ಟಾರ್ರಿ, ಮನಸ್ಸು ಶಾಂತ ಇಟ್ಕೋರಿ ಅಂದಾರ. ಅದಕ್ಕ ದಿನಾ ಮುಂಜಾನೆ ಲಿಂಗಪೂಜಿಗೆ ಕೂಡ್ತೀನಿ. ಮೈ ಆರಾಮಿಗಂತ ಲಿಂಗ ಹಿಡಿಯೂದು ತಪ್ಪೇನ್ರಿ?"

ತಪ್ಪೆಂದು ನನಗೆ ಅನಿಸುವುದಿಲ್ಲ. ಗುಳಿಗೆ ಮಾತ್ರ ಬಿಡಬಾರದು, ಅಷ್ಟೇ. ಎಡಗೈಯ ಮೇಲೆ ಲಿಂಗವನ್ನಿಟ್ಟು ದೃಷ್ಟಿ ನೆಟ್ಟು ಕುಳಿತವನ ಉಸಿರು ತಾನಾಗಿಯೇ ನಿಧಾನವಾಗುತ್ತದೆ. ಇದರ ಗುಟ್ಟು ಶರೀರದಲ್ಲಿಯೇ ಇದೆ. ನಮ್ಮ ಅಪ್ಪಣೆ ಕೇಳದೆ ಕೆಲಸ ಮಾಡುವ ನರಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು ಬಾರುಕೋಲು ಇದ್ದಂತೆ. ಎದೆಬಡಿತ ಏರಿಸಿ ಮೈಯನ್ನು ಜಗಳಕ್ಕೋ ಓಟಕ್ಕೋ ಸಜ್ಜುಗೊಳಿಸುತ್ತದೆ. ಇನ್ನೊಂದು ಎತ್ತಿನ ಹಗ್ಗ ಜಗ್ಗಿ ಹಿಡಿದಂತೆ. ಮಿದುಳಿನಿಂದ ಎದೆ, ಹೊಟ್ಟೆಗಳವರೆಗೆ ಇಳಿಯುವ ವೇಗಸ್ ಎಂಬ ನರ ಈ ಎರಡನೆಯ ಬಗೆಯದು. ನಾವು ಉಸಿರು ಬಿಡುವಾಗ ಅದರ ಹಿಡಿತ ಬಲವಾಗಿ ಎದೆಬಡಿತ ತುಸು ಇಳಿಯುತ್ತದೆ. 2001ರಲ್ಲಿ ಇಟಲಿಯ ವೈದ್ಯರು ಕ್ರೈಸ್ತರ ಜಪಮಾಲೆಯ ಪ್ರಾರ್ಥನೆಯನ್ನೂ ಬೌದ್ಧರ ಒಂದು ಮಂತ್ರವನ್ನೂ ಹೇಳಿಸಿ ಪರೀಕ್ಷಿಸಿದರು. ಎರಡರಲ್ಲಿಯೂ ಉಸಿರು ನಿಮಿಷಕ್ಕೆ ಸುಮಾರು 6ಕ್ಕೆ ಇಳಿದಿತ್ತು. ಷಡಕ್ಷರಿಯನ್ನು ಅವರು ಪರೀಕ್ಷಿಸಲಿಲ್ಲ. ನಿಧಾನವಾಗಿ ಜಪಿಸಿ ನೋಡುವುದಕ್ಕೆ ನಮಗೆ ಯಾರ ಅಡ್ಡಿಯೂ ಇಲ್ಲ.

ಒಕ್ಕಲಿಗನಿಗೆ ಇಂಥ ಸಾಧನಗಳು ಮನೆಯಲ್ಲಿಯೇ ಇವೆ. ಸಂಜೆ ಹೊಲದಿಂದ ಬಂದು ಎತ್ತಿನ ಮೈ ತಿಕ್ಕುತ್ತ, ಗಂಗೆದೊಗಲು ಸವರುತ್ತ ನಿಂತರೆ ಎತ್ತು ಕಣ್ಣು ಮುಚ್ಚುತ್ತದೆ. ಸವರುವವನ ಹೆಗಲೂ ಸಡಿಲಾಗುತ್ತದೆ. ಟ್ರ್ಯಾಕ್ಟರಿಗೆ ಈ ಗುಣವಿಲ್ಲ. ಮಲಗುವ ಮುನ್ನ ಮೊಬೈಲಿನಲ್ಲಿ ದ್ರಾಕ್ಷಿಯ ದರ ನೋಡುವುದಂತೂ ಬಾರುಕೋಲನ್ನು ತಲೆದಿಂಬಿನ ಕೆಳಗೆ ಇಟ್ಟುಕೊಂಡಂತೆ.

ಇಷ್ಟು ಹೇಳಿ ಸುಮ್ಮನಾಗಬಹುದಿತ್ತು. ಆದರೆ ಅದೇ ದಿನ ಮಧ್ಯಾಹ್ನ ಅವರ ಅಂಗಡಿಯಲ್ಲಿ ಕುಳಿತಿದ್ದಾಗ ಜತ್ತ ಕಡೆಯ ರೈತನೊಬ್ಬ ಬಂದ. ತೊಗರಿ ಹಾಕಿ ಮೂರು ತಿಂಗಳಾಗಿತ್ತು. "ಸಾವಕಾರ್ರ, ಸೊಸೈಟಿಯವರು ಮನೀಗೆ ಬರಾಕ ಹತ್ತ್ಯಾರ" ಎಂದ. ಇವರು ಗದರಲಿಲ್ಲ. ಬಹಳ ಶಾಂತವಾಗಿ, "ಗಡಿಬಿಡಿ ಮಾಡಬ್ಯಾಡ ತಮ್ಮಾ, ಮುಂದಿನ ವಾರ ಬಾ" ಎಂದರು. ಆತನ ಕೈ ನಡುಗುತ್ತಿತ್ತು. ಇವರ ಮುಖದಲ್ಲಿ ಪೂಜೆಯ ಪ್ರಸನ್ನತೆ ಹಾಗೆಯೇ ಇತ್ತು.

ಹಿಂದಿನಂತೆ ಸಿಟ್ಟು ಮಾಡಿದ್ದರೆ ಸಂಜೆಗೆ ಪಶ್ಚಾತ್ತಾಪಪಟ್ಟು ರೊಕ್ಕ ಕೊಟ್ಟುಬಿಡುತ್ತಿದ್ದರೋ ಏನೋ. ಈಗ ಆ ದಾರಿಯೂ ಮುಚ್ಚಿತ್ತು. ಇನ್ನೊಬ್ಬನ ಸಂಕಟ ನಮ್ಮನ್ನು ಮುಟ್ಟದಂತೆ ಮಾಡುವ ಶಾಂತಿ ಪೂಜೆಯ ಫಲವೇ? ಸಾಲಗಾರನ ಎದೆ ಹೊಡೆದುಕೊಳ್ಳುವುದು ನರದ ದೋಷದಿಂದಲ್ಲ. ಅದಕ್ಕೆ ನಿಜವಾದ ಕಾರಣವಿದೆ. ಅವನಿಗೆ ಉಸಿರಾಟ ಕಲಿಸಹೋಗುವುದು, ಅವನ ರೊಕ್ಕ ನಮ್ಮ ಪೆಟ್ಟಿಗೆಯಲ್ಲಿರುವಾಗ, ಉಪಕಾರವಲ್ಲ, ಉದ್ಧಟತನ.

ನಮ್ಮ ಸೊನ್ನಲಿಗೆಯ ಸಿದ್ಧರಾಮೇಶ್ವರರ ಪ್ರಸಂಗ ಇಲ್ಲಿ ನೆನಪಾಗುತ್ತದೆ. ಕೆರೆ ಕಟ್ಟಿಸುತ್ತಿದ್ದಲ್ಲಿಗೆ ಅಲ್ಲಮಪ್ರಭು ಬಂದು ಅವರನ್ನು ಬರೀ ಕೆರೆ ತೋಡುವವನೆಂದು ಹಗುರವಾಗಿ ಕರೆದರೆಂದೂ, ಕೆಲಸಗಾರರು ಕಲ್ಲು ತೂರಿದರೆಂದೂ, ಸಿದ್ಧರಾಮರೇ ಉರಿಗೋಪದಿಂದ ಎದ್ದು ಬಂದರೆಂದೂ ಶೂನ್ಯಸಂಪಾದನೆ ಹೇಳುತ್ತದೆ. ಅವರು ಯೋಗಿಗಳು, ಪರೋಪಕಾರಿಗಳು. ಆದರೂ 'ನನ್ನ ಕೆರೆ' ಎಂಬಲ್ಲಿ ಮುಟ್ಟಿದಾಗ ಶಾಂತಿ ಉಳಿಯಲಿಲ್ಲ. ಅಲ್ಲಮರು ಕದಲಲಿಲ್ಲ. ಈ ಕಥೆಯನ್ನು ಹೇಳುವವರು ಇಲ್ಲಿಗೇ ನಿಲ್ಲಿಸಿ ಅಲ್ಲಮರ ತಾಳ್ಮೆಯನ್ನು ಹೊಗಳುತ್ತಾರೆ. ನನಗೆ ದೊಡ್ಡದೆನಿಸುವುದು ಬೇರೆ: ಅಷ್ಟು ಶಾಂತರಾದವರು ಗವಿ ಸೇರದೆ, ಇನ್ನೊಬ್ಬರ ನೋಯುವ ಜಾಗವನ್ನು ಹುಡುಕಿಕೊಂಡು ಸೊನ್ನಲಿಗೆಯವರೆಗೆ ನಡೆದು ಬಂದರಲ್ಲ, ಅದು. ಕಲ್ಲು ಬಿದ್ದರೂ ಹಿಂದಿರುಗಲಿಲ್ಲ. ಕೆರೆ ಇಂದಿಗೂ ಸೊಲ್ಲಾಪುರದ ನಡುವೆ ಇದೆ.

ಹಾಗೆಂದು ಎಲ್ಲರ ಸಂಕಟ ಹೊತ್ತು ನಾವೂ ನಿದ್ದೆಗೆಡಬೇಕೆಂದಲ್ಲ. ಗಾಬರಿಯಾದವನು ಬಾವಿಗೆ ಬಿದ್ದವನಿಗೆ ಹಗ್ಗ ಎಸೆಯಲಾರ, ಗಂಟೇ ಬಿಗಿಯಲು ಬಾರದು. ಕೈ ನಡುಗದಿರಲೆಂದೇ ಮುಂಜಾನೆಯ ಪೂಜೆ. ಆದರೆ ಹಗ್ಗ ಎಸೆಯಬೇಕು.

ಆ ವ್ಯಾಪಾರಸ್ಥರಿಗೆ ಇದನ್ನೆಲ್ಲ ಹೇಳಿದೆ. ಹೆಸರು ಹಾಕದೆ ಬರೆಯಲು ಅವರೇ ಒಪ್ಪಿದ್ದಾರೆ. ಬಹಳ ಹೊತ್ತು ಮಾತನಾಡಲಿಲ್ಲ, ಗಲ್ಲೆಯ ಮೇಲಿನ ಖಾತೆಪುಸ್ತಕವನ್ನು ತಿರುವುತ್ತ ಕುಳಿತರು. ಎರಡು ದಿನದ ಮೇಲೆ ತೊಗರಿಯ ಅರ್ಧ ರೊಕ್ಕ ಮುಟ್ಟಿಸಿದ್ದಾರೆ. ಉಳಿದರ್ಧ ಯಾವಾಗ ಎಂದು ನಾನಿನ್ನೂ ಕೇಳಿಲ್ಲ. ಬರುವ ಸೋಮವಾರ ಹೋಗುವವನಿದ್ದೇನೆ.