ಎರಡು ಯುವಾನಿನ ರೈಲು

ಚೀನಾಕ್ಕೆ ಸ್ವಂತವಾಗಿ ಹೊರಡುವವರು ಮೊದಲು ಮಾಡಬೇಕಾದದ್ದು ಪಟ್ಟಿಯಿಂದ ಊರುಗಳನ್ನು ಹೊಡೆದುಹಾಕುವ ಕೆಲಸ. ಯುನ್ನಾನ್ ಪ್ರಾಂತವೊಂದೇ ಎರಡು ಕರ್ನಾಟಕದಷ್ಟಿದೆ. ಬೀಜಿಂಗ್, ಶಿಯಾನ್, ಶಾಂಘೈ, ಗ್ವಿಲಿನ್ ಎಲ್ಲವನ್ನೂ ಒಂದೇ ಸಲಕ್ಕೆ ತುರುಕಿದರೆ ದುಡ್ಡು ಟಿಕೆಟ್ಟಿಗೆ ಹೋಗುತ್ತದೆ, ದಿನಗಳು ನಿಲ್ದಾಣಗಳಲ್ಲಿ ಕಳೆಯುತ್ತವೆ, ಹಳ್ಳಿ ಕಿಟಕಿಯಾಚೆಯೇ ಉಳಿಯುತ್ತದೆ.

*

ಓಡಿದಷ್ಟೂ ಖರ್ಚು, ತಂಗಿದಷ್ಟೂ ಉಳಿತಾಯ.

*

ಸಿಚುವಾನ್‌ನ ಲಿಯಾಂಗ್‌ಶಾನ್ ಬೆಟ್ಟಗಳ ನಡುವೆ, 1970ರಲ್ಲಿ ತೆರೆದ ಚೆಂಗ್ಡು–ಕುನ್‌ಮಿಂಗ್ ಹಳಿಯ ಮೇಲೆ ಹಸಿರು ಬಣ್ಣದ ನಿಧಾನದ ರೈಲೊಂದು ಓಡುತ್ತದೆ. ಕನಿಷ್ಠ ದರ 2 ಯುವಾನ್. ಆ ಬೆಟ್ಟಗಳ ಯಿ ಜನ ಮಾರುವುದಕ್ಕೆ ಒಯ್ಯುವ ಕೋಳಿ, ಹಂದಿ, ತರಕಾರಿ ಬುಟ್ಟಿಗಳೆಲ್ಲ ಅದರಲ್ಲೇ. ಗಂಟೆಗೆ 300 ಕಿಲೋಮೀಟರ್ ಓಡುವ ರೈಲುಗಳನ್ನು ಕಟ್ಟಿದ ದೇಶ ಇದನ್ನೂ ನಿಲ್ಲಿಸದೆ ಉಳಿಸಿಕೊಂಡಿದೆಯಲ್ಲ, ಆ ವಿವೇಕಕ್ಕೆ ನನ್ನ ನಮಸ್ಕಾರ. ಅಗ್ಗವೆಂದು ಅದನ್ನು ಹತ್ತುವ ಪ್ರವಾಸಿ ಒಂದನ್ನು ನೆನಪಿಡಬೇಕು: ಆ ದರ ಇಟ್ಟಿರುವುದು ಬುಟ್ಟಿ ಹೊತ್ತ ಹೆಂಗಸಿಗಾಗಿ. ಅವಳು ಬಂದಾಗ ಎದ್ದು ಜಾಗ ಬಿಡಬೇಕು.

*

ರಾತ್ರಿ ರೈಲಿನ ಸಾದಾ ಸ್ಲೀಪರಿನ ಒಂದೊಂದು ವಿಭಾಗದಲ್ಲಿ ಆರು ಬರ್ತು. ಮೇಲಿನದಕ್ಕೆ ಎಲ್ಲಕ್ಕಿಂತ ಕಡಿಮೆ ದರ. ಒಂದು ರಾತ್ರಿಯ ಕೋಣೆ ಬಾಡಿಗೆಯೂ ಉಳಿಯುತ್ತದೆ. ಬೋಗಿಯಲ್ಲಿ ಕುದಿನೀರು ಪುಕ್ಕಟೆ ಸಿಗುತ್ತದೆ, ಫ್ಲಾಸ್ಕು ಮತ್ತು ಒಂದಿಷ್ಟು ಚಹಾ ಎಲೆ ಜೊತೆಗಿರಲಿ. ಹಗಲು ಕೆಳಗಿನ ಬರ್ತಿನಲ್ಲಿ ಎಲ್ಲರೂ ಒತ್ತಿಕೊಂಡು ಕೂರುತ್ತಾರೆ. ಪರಿಚಯ ಬೆಳೆಯುವುದೂ ಅಲ್ಲೇ.

*

ರಜೆಯ ನೂಕುನುಗ್ಗಲಿನ ಅಕ್ಟೋಬರ್ ಮೊದಲ ವಾರ ಬೇಡ. ವಸಂತ ಹಬ್ಬದ, ಎಂದರೆ ಚೀನೀ ಹೊಸ ವರ್ಷದ, ಮುಂಚಿನ ದಿನಗಳಂತೂ ಬೇಡವೇ ಬೇಡ. ಚೀನಾದಲ್ಲಿ ಪಟ್ಟಣವಾಸಿಗಳ ಸಂಖ್ಯೆ ಹಳ್ಳಿಗರನ್ನು ಮೀರಿದ್ದು 2011ರಲ್ಲಿ. ಹಾಗೆ ಪಟ್ಟಣಕ್ಕೆ ದುಡಿಯಲು ಹೋದವರು ವರ್ಷಕ್ಕೊಮ್ಮೆ ಅಪ್ಪ ಅಮ್ಮನನ್ನು, ಬಿಟ್ಟುಬಂದ ಮಗುವನ್ನು ನೋಡಲು ಊರಿಗೆ ಹೊರಡುವುದು ಈ ಹಬ್ಬದ ಮುಂಚೆಯೇ. ಆಗಿನ ರೈಲಿನ ಸೀಟು ಅವರದು. ಉಳಿದ ತಿಂಗಳುಗಳಲ್ಲಿ ಎಷ್ಟೋ ಹಳ್ಳಿಗಳಲ್ಲಿ ಕಾಣುವುದು ಮುದುಕರು ಮತ್ತು ಮಕ್ಕಳು. ಚೀನಾದ ಗ್ರಾಮೀಣ ಬದುಕನ್ನು ಕಾಣಬೇಕೆಂದು ಹೋದವರು ಈ ಖಾಲಿತನವನ್ನೂ ಕಣ್ತೆರೆದು ನೋಡಬೇಕು, ಫೋಟೋ ಚೌಕಟ್ಟಿನಿಂದ ಅದನ್ನು ಹೊರಗಿಡಬಾರದು.

*

ದಿನಗಳನ್ನು ಜೋಡಿಸುವಾಗ ಸಂತೆಯನ್ನು ನಡುವೆ ಇಟ್ಟುಕೊಳ್ಳಿ. ಅಮೆರಿಕದ ಮಾನವಶಾಸ್ತ್ರಜ್ಞ ಜಿ. ವಿಲಿಯಂ ಸ್ಕಿನ್ನರ್ 1949–50ರಲ್ಲಿ ಸಿಚುವಾನ್‌ನ ಹಳ್ಳಿಗಾಡಿನಲ್ಲಿದ್ದು ಕಂಡುಕೊಂಡದ್ದಿದು: ರೈತನ ಲೋಕ ಅವನ ಹಳ್ಳಿಯ ಎಲ್ಲೆಗೆ ಮುಗಿಯುವುದಿಲ್ಲ, ಅವನು ಹೋಗುವ ಸಂತೆಯಷ್ಟು ಅಗಲವಾಗಿರುತ್ತದೆ. ಸಾಲ, ಸಂಬಂಧ, ಸುದ್ದಿ ಎಲ್ಲ ಅಲ್ಲೇ. ಯುನ್ನಾನ್‌ನ ಶಾಶಿ ಕಣಿವೆಯಲ್ಲಿ, ಚಹಾ ಹೊತ್ತ ಕುದುರೆಗಳು ಟಿಬೆಟ್ಟಿನತ್ತ ಸಾಗುತ್ತಿದ್ದ ಹಳೆಯ ದಾರಿಯಲ್ಲಿ, ಈಗಲೂ ಶುಕ್ರವಾರ ಸಂತೆ. ನಮ್ಮ ವಾರದ ಸಂತೆಗಳ ಹಾಗೆಯೇ, ಬೆಟ್ಟದವರು ಕೆಳಗಿಳಿದು ಬರುವ ದಿನ. ಎಲ್ಲ ಕಡೆಯೂ ವಾರದ ಲೆಕ್ಕ ನಡೆಯುವುದಿಲ್ಲ; ಐದು ದಿನಕ್ಕೊಮ್ಮೆ, ಚಾಂದ್ರಮಾನದ ಗೊತ್ತಾದ ತಿಥಿಗಳಂದು ಕೂಡುವ ಸಂತೆಗಳೂ ಉಂಟು. ಹಿಂದಿನ ದಿನವೇ ತಂಗಿದ ಮನೆಯ ಒಡತಿಯನ್ನು ಕೇಳಿಕೊಂಡು, ಅದರಂತೆ ಬಸ್ಸು ಬದಲಿಸಿ.

*

2025ರ ಅಕ್ಟೋಬರ್‌ನಲ್ಲಿ ಕೋಲ್ಕತ್ತಾ–ಗುವಾಂಗ್‌ಝೌ ನೇರ ವಿಮಾನ ಮತ್ತೆ ಶುರುವಾಯಿತು. ವೀಸಾವನ್ನು ಇಲ್ಲಿಂದಲೇ ಮಾಡಿಸಿಕೊಂಡು ಹೊರಟರೆ, ಗುವಾಂಗ್‌ಝೌನಿಂದ ಕೆಲವೇ ಗಂಟೆಗಳ ರೈಲಿನಲ್ಲಿ ಗ್ವೀಝೌ ಪ್ರಾಂತದ ಡೋಂಗ್ ಜನರ ನಾಡು. ಅಲ್ಲಿಯ ಝಾವ್‌ಶಿಂಗ್ ಹಳ್ಳಿಯಲ್ಲಿ ಐದು ನಗಾರಿ ಗೋಪುರಗಳಿವೆ, ಕಬ್ಬಿಣದ ಮೊಳೆಯಿಲ್ಲದೆ ಮರಕ್ಕೆ ಮರ ಬೆಸೆದು ಕಟ್ಟಿದವು. ಬಿಸಿಲಿಳಿದ ಮೇಲೆ ಗೋಪುರದ ಕೆಳಗೆ ಕೂತವರ ಪಕ್ಕದಲ್ಲಿ ಕೂರುವುದಕ್ಕೆ ಕಾಸು ಬೇಕಿಲ್ಲ. ವಾದ್ಯವಿಲ್ಲದೆ, ಹಲವು ದನಿಗಳಲ್ಲಿ ಹಾಡುವ ಅವರ ಮಹಾಗಾನ 2009ರಲ್ಲಿ ಯುನೆಸ್ಕೋ ಪಟ್ಟಿ ಸೇರಿತು. ವೇದಿಕೆಯ ಮೇಲೆ ಕೇಳಿದರೂ ಅದು ಮೈನವಿರೇಳಿಸುತ್ತದೆ. ಆದರೂ ಮರುದಿನ ಗುಡ್ಡ ಹತ್ತಿ, ಟಿಕೆಟ್ ಇಲ್ಲದ ಪಕ್ಕದ ಹಳ್ಳಿಗೆ ನಡೆಯಿರಿ. ಅಲ್ಲಿಯೂ ಗೋಪುರವಿದೆ, ನೂಲು ನೂಲುವ ಅಜ್ಜಿಯಿದ್ದಾಳೆ.

*

ಸಸ್ಯಾಹಾರಿಗಳು ಹೆದರಬೇಕಾಗಿಲ್ಲ, ಎಚ್ಚರವಾಗಿದ್ದರೆ ಸಾಕು. ಹಳ್ಳಿಯಲ್ಲಿ ಸೊಪ್ಪನ್ನೂ ಹಂದಿಯ ಕೊಬ್ಬಿನಲ್ಲಿ ಬಾಡಿಸುವ ರೂಢಿಯಿದೆ. ಮಾಂಸ, ಮೀನು, ಹಂದಿಕೊಬ್ಬು, ಕೋಳಿ ಪುಡಿ ಬೇಡವೆಂದು ಚೀನೀ ಲಿಪಿಯಲ್ಲಿ ಬರೆಸಿದ ಚೀಟಿಯೊಂದು ಜೇಬಿನಲ್ಲಿರಲಿ. ಹೆಚ್ಚಿನ ಬೌದ್ಧ ವಿಹಾರಗಳ ಊಟದ ಮನೆಯಲ್ಲಿ ಆ ಚೀಟಿಯೂ ಬೇಕಿಲ್ಲ.

*

ಗೂಗಲ್, ವಾಟ್ಸಾಪ್ ಅಲ್ಲಿ ತೆರೆಯವು. ಹಣ ಪಾವತಿಗೆ ಅಲಿಪೇ ಅಥವಾ ವೀಚಾಟ್‌ಗೆ ಕಾರ್ಡು ಜೋಡಿಸುವ ಕೆಲಸ ಹೊರಡುವ ಮುಂಚೆಯೇ ಮುಗಿಯಲಿ. ನಾಲ್ಕಾರು ಚಿಲ್ಲರೆ ನೋಟೂ ಇರಲಿ.

*

ರೈತನ ಮನೆಯಲ್ಲಿ ಉಳಿದರೆ 24 ಗಂಟೆಯೊಳಗೆ ಪೊಲೀಸ್ ಠಾಣೆಯಲ್ಲಿ ಹೆಸರು ನೋಂದಾಯಿಸಬೇಕು. ಪ್ರೀತಿಯಿಂದ ಹಾಸಿಗೆ ಹಾಸಿಕೊಟ್ಟವರನ್ನು ತೊಂದರೆಗೆ ಸಿಕ್ಕಿಸಿ ಹೋಗುವುದಕ್ಕಿಂತ ಕೆಟ್ಟ ಉಳಿತಾಯ ಇಲ್ಲ. ಮನೆಯೊಡತಿ ಹೇಳಿದ ಊಟದ ಬೆಲೆಯನ್ನು ಜಗ್ಗಾಡುವುದೂ ಅದೇ ಜಾತಿಯದು.

*

ಏಳನೆಯ ಶತಮಾನದಲ್ಲಿ ಚೀನಾದ ಯಾತ್ರಿಕ ಹ್ಯೂಯೆನ್ ತ್ಸಾಂಗ್ ಅರಸನ ಅಪ್ಪಣೆಯಿಲ್ಲದೆ ಗಡಿ ದಾಟಿ, ನಮ್ಮ ಇಮ್ಮಡಿ ಪುಲಕೇಶಿಯ ನಾಡಿನವರೆಗೂ ಬಂದ. ಇಲ್ಲಿಯ ಯೋಧರ ಕೆಚ್ಚು, ಯುದ್ಧದಾನೆಗಳ ಅಬ್ಬರವನ್ನು ಬರೆದಿಟ್ಟ. 645ರಲ್ಲಿ ಊರು ಸೇರಿದ. ಪುಲಕೇಶಿಯ ಬಗ್ಗೆ ನಾವು ತಿಳಿದದ್ದರಲ್ಲಿ ಒಂದು ಪಾಲು ಆ ಯಾತ್ರಿಕನ ಕೊಡುಗೆ. ಚೀನಾದ ಹಳ್ಳಿಯೊಂದರಲ್ಲಿ ಕನ್ನಡದಲ್ಲಿ ಟಿಪ್ಪಣಿ ಬರೆದುಕೊಳ್ಳುವವರು ಆ ಸಾಲವನ್ನು ಸ್ವಲ್ಪವಾದರೂ ತೀರಿಸುತ್ತಾರೆ.

*

ಯುನ್ನಾನ್‌ನ ಯುವಾನ್‌ಯಾಂಗ್‌ನಲ್ಲಿ ಹಾನಿ ಜನರ ಮೆಟ್ಟಿಲು ಗದ್ದೆಗಳು 2013ರಲ್ಲಿ ವಿಶ್ವಪರಂಪರೆಯಾದವು. ಚಳಿಗಾಲದಲ್ಲಿ ಗದ್ದೆಗಳ ತುಂಬ ನೀರು, ಬೆಳಗಿನ ಬಣ್ಣ, ಅಂಚಿನುದ್ದಕ್ಕೂ ಕ್ಯಾಮೆರಾ. ಮೇ ದಿನದ ರಜೆ ಮುಗಿದ ಮೇಲೆ ಕೋಣೆ ಬಾಡಿಗೆ ಇಳಿಯುತ್ತದೆ. ಸಸಿ ನಾಟಿ ನಡೆದಿರುತ್ತದೆ, ಮಳೆ ಕೆಸರು ಎರಡೂ ಇರುತ್ತವೆ. ಚಿತ್ರಕ್ಕಾಗಿ ಹೋಗುವವರು ಜನವರಿ ಆರಿಸಲಿ. ನನಗೆ ನಾಟಿ ಮಾಡುವವರ ಪರಿಚಯ ಬೇಕು, ಹಾಗಾಗಿ ಮೇ ತಿಂಗಳ ಎರಡನೇ ವಾರಕ್ಕೆ ಟಿಕೆಟ್ ನೋಡುತ್ತಿದ್ದೇನೆ.